ಹವಾಲ್ದಾರ್ ಮಾವನೂ ನನ್ನ ಆನ್‌ಲೈನ್ ಪದವಿಯೂ

ಮೊನ್ನೆ ಶನಿವಾರ ಗ್ಯಾರೇಜು ಗುಡಿಸುವಾಗ ಹಳೆಯ ಕಾರ್ಪೆಟ್ಟಿನ ಸುರುಳಿಯ ಹಿಂದೆ ಒಂದು ಜೊತೆ ಕಪ್ಪು ಬೂಟು ಸಿಕ್ಕಿತು. ಎತ್ತಿಕೊಂಡ ಕೂಡಲೇ ಪಾಲಿಶಿನ ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷವಾದರೂ ಹೋಗಿರಲಿಲ್ಲ. ನಿಮಗೆ ಇದರಲ್ಲೇನು ವಿಶೇಷ ಅನ್ನಿಸಬಹುದು. ವಿಶೇಷವೇನೆಂದರೆ ಆ ಬೂಟು ಮೂಲದಲ್ಲಿ ಕಪ್ಪು ಬಣ್ಣದ್ದಲ್ಲ. ಅಮೆರಿಕದ ಸೇನೆಯಲ್ಲಿ ನಾವು ಈಗ ಹಾಕುವುದು ಒಣಮಣ್ಣಿನ ಬಣ್ಣದ, ಮುಟ್ಟಿದರೆ ದೊರಗಾಗಿರುವ ಚರ್ಮದ ಬೂಟು. ಅದಕ್ಕೆ ಪಾಲಿಶ್ ಹಾಕುವಂತಿಲ್ಲ. ಬ್ರಷ್ಷಿನಿಂದ ಧೂಳು ಕೊಡವಿದರೆ ಮುಗಿಯಿತು. ಅದನ್ನು ಕಪ್ಪು ಮಾಡಿದವರು ನನ್ನ ಮಾವ.

ಮಾವ ಭಾರತೀಯ ಸೇನೆಯ ನಿವೃತ್ತ ಹವಾಲ್ದಾರರು, ಹಾಸನದವರು. ಅತ್ತೆ ಊರಿನಲ್ಲಿ ನನ್ನ ನಾದಿನಿಯ ಬಾಣಂತನಕ್ಕೆ ನಿಂತಿದ್ದರಿಂದ ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆ ಒಬ್ಬರೇ ಅಮೆರಿಕದ ಬೇ ಏರಿಯಾ ಕಡೆಯ ಗಿಲ್‌ರಾಯ್ ಊರಿನ ನಮ್ಮ ಮನೆಗೆ ಆರು ತಿಂಗಳಿಗೆಂದು ಬಂದಿದ್ದರು. ಬಂದ ಮೂರನೆಯ ದಿನ ಬಾಗಿಲ ಬಳಿ ನನ್ನ ಬೂಟು ನೋಡಿ ಅವರಿಗೆ ತಡೆಯಲಾಗಲಿಲ್ಲ. ಸೂಟ್‌ಕೇಸಿನಿಂದ ತಮ್ಮ ಪಾಲಿಶ್ ಡಬ್ಬಿ ತೆಗೆದು, ಹಳೆಯ ಬನಿಯನ್ ಹರಿದು, ಮಧ್ಯಾಹ್ನವೆಲ್ಲ ಉಜ್ಜಿದ್ದರು. ನಾನು ಸಂಜೆ ಬಂದಾಗ ಬೂಟು ಹೊಸ್ತಿಲ ಮೇಲೆ ಎಮ್ಮೆಯಂತೆ ಮಿನುಗುತ್ತಿತ್ತು.

"ಈಗ ನೋಡಿ ಸಾಬ್," ಎಂದರು ಮಾವ. "ಕ್ಯಾಪ್ಟನ್ ಬೂಟಲ್ಲಿ ಕ್ಯಾಪ್ಟನ್ ಮುಖ ಕಾಣ್ಬೇಕು."

ಇನ್ನೊಂದು ಜೊತೆಯ ಅಟ್ಟೆ ಕಿತ್ತಿತ್ತು. ಮರುದಿನ ಈ ಕಪ್ಪು ಬೂಟನ್ನೇ ಮೆಟ್ಟಿಕೊಂಡು ಹೋದೆ. ಬೆಳಗಿನ ಹಾಜರಿಯ ಸಾಲಿನಲ್ಲಿ ಕಮಾಂಡರ್ ನನ್ನ ಪಾದಗಳನ್ನು ಬಹಳ ಹೊತ್ತು ನೋಡಿದರು. ಏನೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಸಾಬ್ ಎಂದು ಮಾವ ನನ್ನನ್ನು ಕರೆಯುತ್ತಿದ್ದುದು ಗೌರವಕ್ಕೆ ಅಂದುಕೊಂಡಿದ್ದರೆ ನಿಮಗೆ ಹವಾಲ್ದಾರರ ಪರಿಚಯವಿಲ್ಲ. ಇಪ್ಪತ್ತನಾಲ್ಕು ವರ್ಷ ಸೇವೆ ಮಾಡಿ ಅವರು ಆಫೀಸರುಗಳ ಬಗ್ಗೆ ಒಂದು ದೃಢವಾದ ಅಭಿಪ್ರಾಯ ಬೆಳೆಸಿಕೊಂಡಿದ್ದರು. ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನಡೆಯುವವರು ಆಫೀಸರುಗಳು, ಹಿಂದಿನಿಂದ ದಾರಿ ಸರಿಮಾಡುವವರು ಹವಾಲ್ದಾರರು. ಈಗ ಸೊಸೆಯೇ ಕ್ಯಾಪ್ಟನ್ ಆಗಿ ಕೂತಿದ್ದಳು. ಸಿಟ್ಟು ಬಂದಾಗ, ಚುಚ್ಚಬೇಕೆನಿಸಿದಾಗ ನಾನು "ಸಾಬ್", ಮನಸ್ಸು ಕರಗಿದಾಗ "ಕಣವ್ವ". ಮಾವನ ಹವಾಮಾನ ತಿಳಿಯಲು ಅಷ್ಟು ಸಾಕಿತ್ತು.

ನಾನು ಸೇನೆ ಸೇರಿದ್ದು ಯಾಕೆಂದು ಬೇ ಏರಿಯಾದ ಕನ್ನಡದವರು ಸಿಕ್ಕಲ್ಲೆಲ್ಲ ಕೇಳುತ್ತಾರೆ. ದೇಶಸೇವೆ ಎನ್ನುತ್ತೇನೆ, ಶಿಸ್ತು ಎನ್ನುತ್ತೇನೆ. ನಿಮ್ಮ ಹತ್ತಿರ ನಿಜ ಹೇಳಿಬಿಡುತ್ತೇನೆ. ಮದುವೆಯಾಗಿ ಬಂದ ಮೇಲೆ ಎರಡು ವರ್ಷ ವಾಲ್ನಟ್ ಕ್ರೀಕ್‌ನ ಒಂದು ಆಫೀಸಿನಲ್ಲಿ ಕಂಪ್ಯೂಟರಿಗೆ ಅಂಕಿಗಳನ್ನು ತುಂಬುವ ಕೆಲಸ ಮಾಡಿದೆ. ಆ ಕೋಣೆಗೆ ಕಿಟಕಿ ಇರಲಿಲ್ಲ. ಬಯಲಲ್ಲಿ ಓಡಾಡುವ ಕೆಲಸ ಬೇಕೆಂದು, ಸಿಟಿಜನ್‌ಶಿಪ್ ಸಿಕ್ಕ ವರ್ಷವೇ ಸೇನೆ ಸೇರಿದೆ. ತರಬೇತಿಯಲ್ಲಿ ಕೆಸರಿನಲ್ಲಿ ತೆವಳಿಸಿ, ಗೋಡೆ ಹತ್ತಿಸಿ, ಕೊನೆಗೆ ನನ್ನನ್ನು ಸರಬರಾಜು ವಿಭಾಗಕ್ಕೆ ಹಾಕಿದರು. ಆ ಕೋಣೆಗೂ ಕಿಟಕಿ ಇರಲಿಲ್ಲ.

ಕ್ಯಾಪ್ಟನ್ ಆದ ಮೇಲೆ ಮುಂದಿನದು ಮೇಜರ್. ಮೇಜರ್ ಆಗಲು ಸ್ನಾತಕೋತ್ತರ ಪದವಿ ಬೇಕೆಂದು ಎಲ್ಲೂ ಬರೆದಿಲ್ಲ. ಆದರೆ ಅದಿಲ್ಲದೆ ಮೇಜರ್ ಆದವರನ್ನು ನಮ್ಮ ಕಡೆ ಯಾರೂ ನೋಡಿರಲಿಲ್ಲ. ಹಾಗಾಗಿ ನಾನು ಕೂಡ ಒಂದು ಆನ್‌ಲೈನ್ ಎಂ.ಎಸ್.ಗೆ ಸೇರಿದೆ. ವಿಷಯ ಸರಬರಾಜು ನಿರ್ವಹಣೆ. ಸೇನಾ ಠಾಣೆಗೆ ಹೋಗಲು ಒಂದೂವರೆ ಗಂಟೆ ಫ್ರೀವೇ ಪಯಣ, ಬರಲು ಎರಡು ಗಂಟೆ. ಓದುತ್ತಿದ್ದುದು ಊಟದ ಬಿಡುವಿನಲ್ಲಿ, ಠಾಣೆಯ ಪಾರ್ಕಿಂಗ್ ಲಾಟಿನಲ್ಲಿ, ಕಾರಿನ ಸ್ಟಿಯರಿಂಗಿಗೆ ಲ್ಯಾಪ್‌ಟಾಪ್ ಒರಗಿಸಿಕೊಂಡು. ಬಿಡುವು ಮುಗಿಯುವುದರೊಳಗೆ ಪಾಠ ಮುಗಿಯಲೆಂದು ಪ್ರೊಫೆಸರರ ವಿಡಿಯೋವನ್ನು ಎರಡರಷ್ಟು ವೇಗದಲ್ಲಿ ಓಡಿಸುತ್ತಿದ್ದೆ. ಒಂದು ವರ್ಷ ಆ ಮನುಷ್ಯ ನನ್ನ ಪಾಲಿಗೆ ಹರಾಜು ಕೂಗುವವರ ಹಾಗೆ ಮಾತಾಡಿದರು. ಒಮ್ಮೆ ಲೈವ್ ಕ್ಲಾಸಿನಲ್ಲಿ ಅವರದೇ ವೇಗದಲ್ಲಿ ಕಂಡಾಗ, ಪಾಪ, ಇವರಿಗೆ ಏನೋ ಕಾಯಿಲೆ ಅಂದುಕೊಂಡೆ.

ಮನೆಯಲ್ಲಿ ಈ ಓದಿಗೆ ಯಾರ ವಿರೋಧವೂ ಇರಲಿಲ್ಲ. ನನ್ನ ಗಂಡ ರವಿ ಎಮರಿವಿಲ್‌ನ ಅನಿಮೇಷನ್ ಸ್ಟುಡಿಯೋ ಒಂದರಲ್ಲಿ ಕಾರ್ಟೂನ್ ಪ್ರಾಣಿಗಳ ತುಪ್ಪಳವನ್ನು ಗಾಳಿಗೆ ಅಲ್ಲಾಡಿಸುವ ಕೆಲಸ ಮಾಡುತ್ತಾನೆ. ಹೆಂಡತಿ ಓದುತ್ತಾಳೆಂದರೆ ಅವನಿಗೆ ಸಂತೋಷ, ಟಿ.ವಿ. ರಿಮೋಟು ಅವನದಾಗುತ್ತದೆ. ಮಾವ ಮಾತ್ರ ದಿನಾ ವಿಚಾರಿಸುತ್ತಿದ್ದರು, "ಇವತ್ತೇನ್ ಪಾಠ ಆಯ್ತು ಸಾಬ್?"

ನನ್ನ ಅಂತಿಮ ಪರೀಕ್ಷೆಯ ಹಿಂದಿನ ಭಾನುವಾರವೂ ಕೇಳಿದರು. ಬೆಳ್ಳುಳ್ಳಿ ಕೊಯ್ಲಿನ ಕಾಲ ಅದು, ಗಿಲ್‌ರಾಯ್ ಊರಿಗೆ ಊರೇ ಒಗ್ಗರಣೆಯಂತೆ ನಾರುತ್ತಿತ್ತು. ಲಾರಿಗಳಿಂದ ರಸ್ತೆ ಬದಿಗೆ ಉದುರಿದ ಬೆಳ್ಳುಳ್ಳಿ ಗಡ್ಡೆಗಳನ್ನು ಮಾವ ಬೆಳಗಿನ ವಾಕಿಂಗಿನಲ್ಲಿ ಚೀಲ ತುಂಬ ಆಯ್ದು ತರುತ್ತಿದ್ದರು. ರವಿಗೆ ಮುಜುಗರ. "ಅಪ್ಪ, ಯಾರಾದ್ರೂ ನೋಡಿದ್ರೆ ಏನಂದ್ಕೊಳ್ಳಲ್ಲ? ಗ್ರೋಸರೀಲಿ ಸಿಗುತ್ತಲ್ಲ," ಎಂದರೆ, "ಬಿದ್ದಿರೋದ ಎತ್ಕೊಂಡ್ರೆ ಬೆನ್ನು ಬಗ್ಗುತ್ತೆ, ಮಾನ ಬಗ್ಗಲ್ಲ," ಎನ್ನುತ್ತಿದ್ದರು. ಹಿತ್ತಿಲಿನ ಬೆಂಚಿನ ಮೇಲೆ ಕೂತು ಅದನ್ನೇ ಸುಲಿಯುತ್ತಿದ್ದರು. ನಾನೂ ಪಕ್ಕದಲ್ಲಿ ಕೂತೆ.

ಆ ವಾರ ನನಗೆ ದೊಡ್ಡ ವಾರ. ಗುರುವಾರ ಬೆಳಿಗ್ಗೆ ನಮ್ಮ ಪಡೆಯ ಸಾಮಾನೆಲ್ಲ ಲಾರಿಗೇರಿ ದಕ್ಷಿಣದ ಮರುಭೂಮಿಗೆ ತಾಲೀಮಿಗೆ ಹೊರಡಬೇಕಿತ್ತು. ಅದೇ ಗುರುವಾರ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ನನ್ನ ಅಂತಿಮ ಪರೀಕ್ಷೆ. ಕ್ಯಾಮೆರಾದ ಮುಂದೆ ಕೂರಬೇಕು, ಕಣ್ಣು ಅತ್ತಿತ್ತ ಹೋದರೂ ಸಾಫ್ಟ್‌ವೇರು ಬರೆದುಕೊಳ್ಳುತ್ತದೆ. ದಿನ ಬದಲಿಸಲು ಪ್ರೊಫೆಸರರು ಒಪ್ಪಿರಲಿಲ್ಲ. ನಾನು ಉಪಾಯ ಮಾಡಿದ್ದೆ. ಆಫೀಸಿನ ಬಾಗಿಲು ಹಾಕಿಕೊಂಡು ನಾನು ಪರೀಕ್ಷೆ ಬರೆಯುವುದು, ಅಂಗಳದಲ್ಲಿ ಸಾಮಾನು ಎಣಿಸಿ ಹತ್ತಿಸುವುದು ನನ್ನ ಕೈಕೆಳಗಿನ ಸಾರ್ಜೆಂಟ್ ಡೆಲ್ಗಾಡೋ. ಅವಳು ಇಪ್ಪತ್ತೇಳರ ಹುಡುಗಿ. ಕಣ್ಣು ಮುಚ್ಚಿ ಕಂಟೇನರುಗಳನ್ನು ಗುರುತಿಸಬಲ್ಲವಳು.

ಶುಕ್ರವಾರ ಅವಳು ನನ್ನ ಮೇಜಿನ ಮುಂದೆ ನಿಂತು ಗುರುವಾರ ಬೆಳಿಗ್ಗೆ ರಜೆ ಕೇಳಿದ್ದಳು. ಅವಳದೂ ಪರೀಕ್ಷೆಯಂತೆ. ಕಮ್ಯೂನಿಟಿ ಕಾಲೇಜಿನಲ್ಲಿ ಅಂಗರಚನೆಯ ಪತ್ರಿಕೆ, ಅದು ಪಾಸಾದರೆ ನರ್ಸಿಂಗಿಗೆ ಸೀಟು. ನಾನು "ಸಾರ್ಜೆಂಟ್, ಮೊದಲು ಕರ್ತವ್ಯ" ಎಂದೆ. ಅವಳು "ಯೆಸ್ ಮ್ಯಾಮ್" ಎಂದು ಹೋದಳು.

ಇದನ್ನು ಮಾವನಿಗೆ ಹೇಳಿದ್ದು ತಪ್ಪೊಪ್ಪಿಗೆಯಾಗಿ ಅಲ್ಲ, ಹೆಮ್ಮೆಯಿಂದ. ಕೆಲಸ ಹಂಚುವುದು ಹೇಗೆ ಎಂಬುದು ನಮ್ಮ ಮೂರನೆಯ ಪಾಠ. ಅದಕ್ಕೆ ಇದೊಂದು ಉದಾಹರಣೆ ಎಂದೆ.

ಮಾವ ಕೈಲಿದ್ದ ಗಡ್ಡೆಯನ್ನು ಪೂರ್ತಿ ಸುಲಿದರು. ಆಮೇಲೆ, "ನಾನ್ಯಾಕೆ ಸುಬೇದಾರ್ ಆಗ್ಲಿಲ್ಲ ಅಂತ ರವಿ ನಿಂಗೆ ಏನ್ ಹೇಳವ್ನೆ?" ಎಂದರು.

"ಯಾರೋ ಆಫೀಸರ್ ಜೊತೆ ಜಗಳ ಆಯ್ತಂತೆ. ಕೈ ಎತ್ತಿದ್ರಂತೆ."

"ಅದು ನಾನೇ ಕಟ್ಟಿದ್ ಕತೆ. ಮಕ್ಳಿಗೆ ಅದ್ ಚಂದ." ಚಾಕುವನ್ನು ಪಂಚೆಗೆ ಒರೆಸಿಕೊಂಡರು. "ಮುಂದಿನ ರ‍್ಯಾಂಕಿಗೆ ಒಂದ್ ಪರೀಕ್ಷೆ ಇತ್ತು. ಹತ್ತ್ ತಿಂಗ್ಳು ಓದಿದ್ದೆ. ಹಿಂದಿ ವ್ಯಾಕರಣ, ಲೆಕ್ಕ, ಎಲ್ಲಾ. ಪರೀಕ್ಷೆ ದಿನ ಬೆಳಿಗ್ಗೆ ನಮ್ ಕ್ಯಾಪ್ಟನ್ ಕರೆದ್ರು. ಅವ್ರ ಅಮ್ಮ ರೈಲಲ್ಲಿ ಬತ್ತಾವ್ರೆ, ಜೀಪ್ ತಗೊಂಡೋಗಿ ಕರ್ಕೊಂಡ್ ಬಾ, ಅಂದ್ರು. ಹೋದೆ. ರೈಲು ಆರ್ ಗಂಟೆ ಲೇಟು. ಜೇಬಲ್ಲಿ ಪೆನ್ಸಿಲ್ ಇಟ್ಕೊಂಡು ಪ್ಲಾಟ್‌ಫಾರಮ್ಮಲ್ಲಿ ಕೂತಿದ್ದೆ."

"ಪರೀಕ್ಷೆ ಇದೆ ಅಂತ ಹೇಳ್ಲಿಲ್ವಾ ಮಾವ?"

"ಹೇಳ್ಲಿಲ್ಲ. ಅದೇ ಕಣವ್ವ. ಒಂದ್ ಮಾತು ಹೇಳಿದ್ರೆ ಬಿಡ್ತಿದ್ರೇನೋ. ಅವ್ರಿಗೆ ಗೊತ್ತೇ ಇರ್ಲಿಲ್ಲ."

"ಮುಂದಿನ ವರ್ಷ ಬರೀಬಹುದಿತ್ತಲ್ಲ?"

"ಬರೀಬೋದಿತ್ತು. ಪುಸ್ತಕ ತೆಗೆದ್ರೆ ಆ ಪ್ಲಾಟ್‌ಫಾರಮ್ಮೇ ಕಣ್ಮುಂದೆ ಬರೋದು. ಬಿಟ್ಬುಟ್ಟೆ. ಆ ಮುದುಕಮ್ಮ ಒಳ್ಳೇರು. ಜೀಪಲ್ಲಿ ಎರಡು ಕಿತ್ತಳೆಹಣ್ಣು ಕೊಟ್ರು." ಮತ್ತೊಂದು ಗಡ್ಡೆ ಕೈಗೆತ್ತಿಕೊಂಡರು. "ನಿಮ್ ಸಾರ್ಜೆಂಟಮ್ಮ ಬಾಯ್ಬಿಟ್ಟು ಕೇಳವ್ಳೆ. ನಮ್ ಕ್ಯಾಪ್ಟನ್‌ಗೆ ಗೊತ್ತಿರ್ಲಿಲ್ಲ. ನಿಮ್ಗೆ ಗೊತ್ತೈತೆ ಸಾಬ್."

ನನಗೆ ಸಿಟ್ಟು ಬಂತು. ಎದ್ದು ಒಳಗೆ ಹೋದೆ. ಇವರ ಕಾಲವೇ ಬೇರೆ, ಅದು ಆ ಕ್ಯಾಪ್ಟನ್ನರ ಸ್ವಂತ ಕೆಲಸ, ಇದು ಸೇನೆಯ ಕೆಲಸ ಎಂದು ಪಾತ್ರೆ ತೊಳೆಯುತ್ತ ವಾದ ಕಟ್ಟಿದೆ. ವಾದ ಚೆನ್ನಾಗಿಯೇ ಇತ್ತು. ಆದರೆ ಗುರುವಾರ ಬಾಗಿಲು ಹಾಕಿಕೊಂಡು ನಾನು ಬರೆಯಹೊರಟಿದ್ದ ಪರೀಕ್ಷೆ ಸೇನೆಯದಾಗಿರಲಿಲ್ಲ. ಸೋಮವಾರ ಇಡೀ ಫ್ರೀವೇಯಲ್ಲಿ ವಾದದ ಆ ಒಂದು ತೂತನ್ನು ಮುಚ್ಚಲು ನೋಡಿದೆ, ಆಗಲಿಲ್ಲ. ಅಂಗಳದ ಎಣಿಕೆ ಇಬ್ಬರಿಗೇ ಒಪ್ಪಿಸಿದ ಕೆಲಸ, ಒಂದೋ ಅವಳು ಒಂದೋ ನಾನು. ಕಮಾಂಡರನ್ನು ಕೇಳಿದ್ದೂ ಆಯಿತು. ಅವರು "ನಿಮ್ಮಿಬ್ಬರಲ್ಲಿ ಯಾರಾದರೂ ಸರಿ, ಆದರೆ ಒಬ್ಬರು ಇರಲೇಬೇಕು" ಎಂದರು.

ಬುಧವಾರ ಡೆಲ್ಗಾಡೋಳನ್ನು ಕರೆದು ನಾಳೆ ಬರಬೇಡ ಎಂದೆ. ಅವಳು ಮೊದಲು ಗಾಬರಿಯಾದಳು, ಏನೋ ತಪ್ಪು ಮಾಡಿದೆನೆಂದು. ಅರ್ಥವಾದ ಮೇಲೆ, "ಮ್ಯಾಮ್, ಎಣಿಸೋರು ಯಾರು?" ಎಂದಳು.

"ನಾನು."

ಅವಳ ಮುಖದಲ್ಲಿ ಕೃತಜ್ಞತೆ ಕಂಡಿತೆಂದು ಹೇಳಲು ಆಸೆ. ಕಂಡದ್ದು ಚಿಂತೆ. ಹತ್ತು ನಿಮಿಷ ನಿಂತು ಯಾವ ಕಂಟೇನರಿನಲ್ಲಿ ಏನಿದೆಯೆಂದು ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದಳು. ಒಂದು ಹಾಳೆಯಲ್ಲಿ ಬರೆದೂ ಕೊಟ್ಟಳು.

ಗುರುವಾರ ಎಂಟು ಗಂಟೆಗೆ ನನ್ನ ಪರೀಕ್ಷೆ ಶುರುವಾಯಿತು, ನಾನಿಲ್ಲದೆ. ನಾನು ಅಂಗಳದ ಬಿಸಿಲಿನಲ್ಲಿ ಪಟ್ಟಿ ಹಿಡಿದು ನಿಂತಿದ್ದೆ. ಒಂಬತ್ತೂವರೆಯ ಹೊತ್ತಿಗೆ ಈಗ ಎರಡನೆಯ ಭಾಗ ಬರೆಯುತ್ತಿರುತ್ತಿದ್ದೆ, ಗೋದಾಮಿನ ಲೆಕ್ಕ ಅದು, ನನಗೆ ಚೆನ್ನಾಗಿ ಬರುತ್ತಿತ್ತು ಎಂದುಕೊಂಡೆ. ಹಾಗೆ ಅಂದುಕೊಳ್ಳುತ್ತಿದ್ದ ಹೊತ್ತಿನಲ್ಲೇ ಒಂದು ಲಾರಿ ಮುಂದೆ ಹೋಯಿತು, ಅದರ ಹಿಂದಿನದು ಅಲ್ಲೇ ನಿಂತಿತು, ನಾನು ಎರಡೂ ಹೋದವೆಂದು ಪಟ್ಟಿಯಲ್ಲಿ ಗುರುತು ಹಾಕಿದೆ.

ಪರಿಣಾಮ ಮರುಭೂಮಿಯಲ್ಲಿ ತಿಳಿಯಿತು. ಡೇರೆಗಳೆಲ್ಲ ಬಂದಿದ್ದವು, ಕಂಬಗಳು ಬೇ ಏರಿಯಾದಲ್ಲೇ ಉಳಿದಿದ್ದವು. ಸುಡುವ ಬಿಸಿಲಿನಲ್ಲಿ ಇಡೀ ಪಡೆ ಲಾರಿಗಳ ನಡುವೆ ಕ್ಯಾನ್ವಾಸು ಕಟ್ಟಿಕೊಂಡು ಅದರಡಿ ಕುಕ್ಕರಗಾಲಲ್ಲಿ ಕೂತಿತು. ಕಮಾಂಡರ್ ನನ್ನ ಬಳಿ ಬಂದು ಬಹಳ ಮೆತ್ತಗೆ ಕೇಳಿದರು, "ಕ್ಯಾಪ್ಟನ್, ನೀವು ಓದುತ್ತಿರುವ ವಿಷಯ ಯಾವುದು ಅಂದಿರಿ?"

"ಸರಬರಾಜು ನಿರ್ವಹಣೆ, ಸರ್."

ಅವರು ತಲೆಯಾಡಿಸಿ ಹೋದರು.

ಎರಡು ವಾರದ ಮೇಲೆ ಮನೆಗೆ ಬಂದಾಗ ಕಂಬದ ಸುದ್ದಿ ಫೋನಿನಲ್ಲಿ ರವಿಗೆ, ರವಿಯಿಂದ ಮಾವನಿಗೆ ತಲುಪಿತ್ತು. ಮಾವ ಬಾಗಿಲಲ್ಲೇ ನಿಂತಿದ್ದರು. "ಪರೀಕ್ಷೆ?" ಎಂದರು.

"ಬರೀಲಿಲ್ಲ ಮಾವ. ಆ ಹುಡುಗೀನ ಕಳಿಸ್ದೆ."

ನನ್ನ ಕೈಯಿಂದ ಚೀಲ ಇಸಿದುಕೊಂಡು ಒಳಗಿಟ್ಟರು. ಆಮೇಲೆ ನಗು ತಡೆಯಲಾಗದೆ ಗೋಡೆ ಹಿಡಿದುಕೊಂಡರು. ನಕ್ಕು ನಕ್ಕು ಕೆಮ್ಮು ಬಂತು. "ನನ್ ಸರ್ವೀಸಲ್ಲಿ ಎಂತೆಂಥಾ ಕ್ಯಾಪ್ಟನ್‌ಗಳ್ನ ನೋಡಿವ್ನಿ ಕಣವ್ವ," ಎಂದರು, "ಕಂಬ ಬಿಟ್ಟು ಡೇರೆ ತಗೊಂಡೋದೋರ್ನ ನೋಡಿರ್ಲಿಲ್ಲ!" ಕಣ್ಣು ಒರೆಸಿಕೊಂಡು, "ನಡಿ, ಉಣ್ಣು," ಎಂದು ತಾವೇ ತಟ್ಟೆ ಹಾಕಿದರು. ಬೆಳ್ಳುಳ್ಳಿ ಸಾರು, ಬೆಳ್ಳುಳ್ಳಿ ಗೊಜ್ಜು, ಬೆಳ್ಳುಳ್ಳಿ ಪಲ್ಯ.

ಆ ಪತ್ರಿಕೆಗೆ ನನಗೆ ಸೊನ್ನೆ ಬಂತು. ಅದೇ ಕೋರ್ಸನ್ನು ಮೊದಲಿನಿಂದ ಕೂತು ಮುಗಿಸಿದೆ. ಅದೇ ಪ್ರೊಫೆಸರು, ಅದೇ ವಿಡಿಯೋಗಳು, ಅವರ ತಮಾಷೆಗಳು ಎಲ್ಲಿ ಬರುತ್ತವೆಂದು ನನಗೆ ಅವರಿಗಿಂತ ಮೊದಲೇ ಗೊತ್ತು. ಆ ವರ್ಷ ಮೇಜರ್ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ನನಗಿಂತ ಚಿಕ್ಕವರಿಬ್ಬರು ನನ್ನ ಮೇಲಕ್ಕೆ ಹೋದರು. ನಾನು ದೊಡ್ಡ ಮನಸ್ಸಿನಿಂದ ಸ್ವೀಕರಿಸಿದೆ ಎಂದು ದಯವಿಟ್ಟು ತಿಳಿಯಬೇಡಿ. ವಾರಗಟ್ಟಲೆ ಎಲ್ಲರ ಮೇಲೂ ಹರಿಹಾಯ್ದೆ, ಮಾವನ ಮೇಲೂ. ಡೆಲ್ಗಾಡೋ ಪಾಸಾಗಿ, ಒಪ್ಪಂದ ಮುಗಿದ ಮೇಲೆ ಸೇನೆ ಬಿಟ್ಟಳು. ಈಗ ಆಸ್ಪತ್ರೆಯೊಂದರಲ್ಲಿ ನರ್ಸು. ಎರಡು ವರ್ಷ ತಡವಾಗಿ ನಾನೂ ಮೇಜರ್ ಆದೆ.

ಗ್ಯಾರೇಜಿನಲ್ಲಿ ಬೂಟು ಸಿಕ್ಕ ಮರುದಿನ, ಭಾನುವಾರ ಬೆಳಿಗ್ಗೆ, ಮಾವನ ವಿಡಿಯೋ ಕಾಲ್ ಬಂತು. ಹಾಸನದಲ್ಲಿ ಆಗ ರಾತ್ರಿ ಊಟ ಮುಗಿಸಿ ಎಲೆಯಡಿಕೆ ಮೆಲ್ಲುತ್ತಿದ್ದರು. ಅದೂ ಇದೂ ಮಾತಾಯಿತು. ಬಹಳ ದಿನದಿಂದ ಕೇಳಬೇಕೆಂದಿದ್ದುದನ್ನು ಕೇಳಿಬಿಟ್ಟೆ.

"ಮಾವ, ರೈಲ್ವೆ ಸ್ಟೇಷನ್ನಿಗೆ ಕಳಿಸಿದ್ರಲ್ಲ, ಆ ಕ್ಯಾಪ್ಟನ್ ಹೆಸರೇನು?"

"ಮರ್ತೋಯ್ತು ಕಣವ್ವ."

ತಮ್ಮ ಮೊದಲ ರೈಫಲಿನ ನಂಬರನ್ನು, ಮೊದಲ ಠಾಣೆಯ ಅಡುಗೆಯವರ ಊರನ್ನು, ಆ ಅಡುಗೆಯವರ ಮಕ್ಕಳ ಹೆಸರನ್ನು ಇವತ್ತಿಗೂ ತಡವರಿಸದೆ ಹೇಳುವ ಮನುಷ್ಯ. ನಾನು ಪರದೆಯನ್ನೇ ನೋಡುತ್ತ ಕೂತೆ. ಅವರೂ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಮರೆತಿಲ್ಲ, ಹೇಳಲು ಮನಸ್ಸಿಲ್ಲ ಎಂದು ಗೊತ್ತಾಯಿತು.

"ಅದಿರ್ಲಿ," ಎಂದರು ಆಮೇಲೆ. "ಆ ಹುಡುಗಿ, ಡೆಲ್ಗಾಡೋ, ಚೆನ್ನಾಗವ್ಳಾ?"

ಒಂದೇ ಒಂದು ಸಲವೂ ಅವಳನ್ನು ಕಂಡವರಲ್ಲ. ಚೆನ್ನಾಗಿದ್ದಾಳೆ ಮಾವ, ಮಕ್ಕಳ ವಾರ್ಡಿನಲ್ಲಿದ್ದಾಳೆ ಎಂದೆ.