ಗ್ಯಾಸ್‌ಲೈಟಿನ ಹೊಟ್ಟೆಯ ತಗ್ಗು

ಹೋದ ತಿಂಗಳು ನನ್ನ ಫೋನು ನನ್ನ ಮುಖಕ್ಕೇ ಹೇಳಿತು: ‘ಹೊಸ ಮಾರಾಟಗಾರ. ನಂಬಿಕೆ: ಸೊನ್ನೆ.’

ಸೊನ್ನೆ! ನನಗೆ! ಪಾಂಡವಪುರದಲ್ಲಿ ಮೂವತ್ತು ವರ್ಷದಿಂದ ಸ್ಟೌ, ಸ್ಪ್ರೇಯರು ರಿಪೇರಿ ಮಾಡುತ್ತಿರುವವನಿಗೆ! (ಏಳನೇ ಕ್ಲಾಸಿನ ಗಣಿತದಲ್ಲೂ ನನಗೆ ಸೊನ್ನೆ ಬಂದಿತ್ತು. ಅದು ನ್ಯಾಯವಾಗಿ ಬಂದದ್ದು. ಆಮೇಲೆ ನಾನು ಶಾಲೆಯ ಕಡೆ ತಲೆ ಹಾಕಲಿಲ್ಲ.)

ಆಗಿದ್ದಿಷ್ಟು. ಪಂಪು ಹೊಡೆದು ಹಚ್ಚುವ ಹಳೇ ಹಿತ್ತಾಳೆ ಗ್ಯಾಸ್‌ಲೈಟುಗಳಿವೆಯಲ್ಲ, ಅವನ್ನು ರಿಪೇರಿ ಮಾಡುವುದೆಂದರೆ ನನಗೆ ಪ್ರಾಣ. ಊರಲ್ಲಿ ಈಗ ಅವನ್ನು ಕೇಳುವವರಿಲ್ಲ. ಅಂಗಡಿಯಲ್ಲಿ ಹನ್ನೊಂದು ಕೂತಿದ್ದವು.

‘ಭಾನುವಾರದೊಳ್ಗೆ ಒಂದಾದ್ರೂ ಮಾರು. ಇಲ್ದಿದ್ರೆ ಎಲ್ಲಾನೂ ಗುಜರಿಗೆ ಆಕ್ಬುಡ್ತೀನಿ’ ಎಂದು ಹೆಂಡತಿ ಜಯಮ್ಮ ಗಡುವು ಕೊಟ್ಟಳು. ಅವಳು ಹೇಳಿದ್ದನ್ನು ಮಾಡುವವಳು. ಅದಕ್ಕೇ ಒಂದು ದೀಪವನ್ನು ಆನ್‌ಲೈನ್ ಹರಾಜಿಗೆ ಇಟ್ಟೆ. ‘ಬಹಳ ಚೆನ್ನಾಗಿದೆ’ ಎಂದು ಬರೆದೆ. ಮೂರು ದಿನ ಕಾದೆ. ಒಂದು ನೊಣವೂ ಬಂದು ಕೂರಲಿಲ್ಲ.

ನನ್ನಂಥ ಹೊಸಬರು ಮತ್ತೆ ಹೇಗೆ ಮಾರುತ್ತಾರೆ? ಹುಡುಕಿ ನೋಡಿದೆ. ಅಬ್ಬಬ್ಬಾ! ಕೆ.ಆರ್.ಪೇಟೆಯವನೊಬ್ಬ ಹಳೇ ರೇಡಿಯೋ ಪಕ್ಕದಲ್ಲಿ ತನ್ನ ಮದುವೆ ಫೋಟೋ ಇಟ್ಟಿದ್ದಾನೆ: ‘ಇವಳು ಇಪ್ಪತ್ತು ವರ್ಷದಿಂದ ನಂಬಿದ್ದಾಳೆ, ನೀವೂ ನಂಬಿ.’ ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲಿನವನು ವಿಡಿಯೋದಲ್ಲಿ ಹೆತ್ತತಾಯಿಯನ್ನೇ ಕೂರಿಸಿದ್ದಾನೆ. ‘ನನ್ ಮಗ ಸುಳ್ಳು ಯೋಳಕಿಲ್ಲ ಕಣ್ರಪ್ಪಾ. ಸೋಮಾರಿ, ಅದು ದಿಟ. ಸುಳ್ಳು ಮಾತ್ರ ಯೋಳಕಿಲ್ಲ’ ಎನ್ನುತ್ತಾಳೆ ಆ ತಾಯಿ. ಗಡಿಯಾರ ಮಾರುವ ಅರಕೆರೆಯವನೊಬ್ಬ ಪ್ರತಿ ಪಾರ್ಸೆಲ್ಲಿಗೂ ಒಂದು ಅಚ್ಚು ಬೆಲ್ಲ ಫ್ರೀ ಕೊಡುತ್ತಾನೆ. ಗಡಿಯಾರ ನಿಂತರೂ, ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಯಾರು ಬೈಯುತ್ತಾರೆ?

‘ನಾನು ಏನಿಡ್ಲಿ? ನಿನ್ ಫೋಟೋ ಇಡ್ಲಾ?’ ಜಯಮ್ಮನನ್ನು ಕೇಳಿದೆ.

‘ಇಟ್ಟೀಯ, ಉಸಾರು! ಹಸ ಮಾರೋವಾಗ ಏನ್ಲಾ ಮಾಡ್ತೀಯ? ಬಾಯಿ ತೆಗ್ದು ಅಲ್ಲು ತೋರ್ಸಕಿಲ್ವಾ? ಒದೀತದೆ ಅಂದ್ರೆ ಒದೀತದೆ ಅನ್ನಕಿಲ್ವಾ? ಅಂಗೇ ದೀಪದ್ದೂ ಯೋಳು.’

(ಹೌದು, ಕೋಪ ಬಂದರೆ ನನ್ನ ಹೆಂಡತಿ ನನ್ನನ್ನು ‘ಲಾ’ ಎನ್ನುತ್ತಾಳೆ. ಮುಂದೆ ಓದಿ.)

ಎಲ್ಲವನ್ನೂ ಬರೆದೆ. ಟ್ಯಾಂಕಿನ ಹೊಟ್ಟೆಯಲ್ಲಿ ಹೆಬ್ಬೆರಳಷ್ಟು ತಗ್ಗು. ಹಿಡಿ ಟಿಫನ್ ಕ್ಯಾರಿಯರಿನದು. ಪಂಪಿನ ವಾಷರು ಚಪ್ಪಲಿ ತೊಗಲಿನದು. ಒಂದೊಂದು ಐಬಿಗೂ ಒಂದೊಂದು ಫೋಟೋ.

ಅರ್ಧ ಗಂಟೆಯಲ್ಲಿ ಪ್ರಶ್ನೆ ಬಂತು: ‘ಯಾರ ಚಪ್ಪಲಿ?’

‘ನನ್ನದೇ. ಎಡಗಾಲಿನದು’ ಎಂದು ಉತ್ತರ ಕೊಟ್ಟೆ. ಬಿಡ್ ಬಿತ್ತು!

ಕೇಳಿದವರು ಸಾವಿತ್ರಮ್ಮ. ನಾಗಮಂಗಲದ ಹತ್ತಿರ ರಸ್ತೆ ಬದಿಯಲ್ಲಿ ಮುದ್ದೆ ಹೋಟೆಲ್ ನಡೆಸುವವರು. ‘ಹಚ್ಚಿ ತೋರ್ಸಿ’ ಎಂದು ಮಟಮಟ ಮಧ್ಯಾಹ್ನ ವಿಡಿಯೋ ಕಾಲ್ ಮಾಡಿದರು. ಬಿಸಿಲಲ್ಲಿ ಬೆಳಕು ಕಾಣಬೇಕಲ್ಲ? ದೀಪ ಎತ್ತಿಕೊಂಡು ದನದ ಕೊಟ್ಟಿಗೆಗೆ ಓಡಿದೆ. ಪಂಪು ಹೊಡೆದೆ. ಬುಸ್ಸೆಂದು ಹತ್ತಿಕೊಂಡಿತು ನೋಡಿ, ಕೊಟ್ಟಿಗೆಯ ಜೇಡರ ಬಲೆಯೂ ಬೆಳ್ಳಗಾಯಿತು!

‘ದೀಪ ಸರಿ ಕಣಣ್ಣ. ಆ ಹಸ ಎಷ್ಟು ಲೀಟ್ರು ಕೊಡ್ತದೆ?’

‘ಹಸ ಹರಾಜಿಗಿಲ್ಲ ಕಣವ್ವ!’

ಶನಿವಾರ ಹರಾಜು ಅವರಿಗೇ ನಿಂತಿತು. ಅಂಗಡಿಯಲ್ಲೇ ಎರಡು ಸ್ಟೆಪ್ ಹಾಕಿದೆ. (ಯಾರೂ ನೋಡಲಿಲ್ಲ ಅಂದುಕೊಂಡಿದ್ದೆ. ಎದುರು ಅಂಗಡಿಯವನು ಚಪ್ಪಾಳೆ ತಟ್ಟಿದ.)

ಪಾರ್ಸೆಲ್ ಕಟ್ಟಲು ಕೂತೆ. ಆ ತಗ್ಗು ಕಣ್ಣಿಗೆ ಚುಚ್ಚಿತು. ನನ್ನ ಕೈಯಿಂದ ತಗ್ಗು ಬಿದ್ದ ಮಾಲು ಹೊರಗೆ ಹೋಗುವುದೇ? ಎರಡು ಗಂಟೆ ಕೂತು, ತಗ್ಗಿಗೆ ಕಂಬಿ ಬೆಸೆದು ಎಳೆದು, ಬೆಸುಗೆ ಉಜ್ಜಿ, ಟ್ಯಾಂಕನ್ನು ಕನ್ನಡಿ ಮಾಡಿ ಕಳಿಸಿದೆ.

ನಾಲ್ಕನೇ ದಿನ ನನ್ನ ಜನ್ಮದ ಮೊದಲ ರಿವ್ಯೂ. ಒಂದೇ ಸ್ಟಾರು. ‘ಬೇರೆ ದೀಪ ಕಳಿಸಿದ್ದಾರೆ. ಫೋಟೋದಲ್ಲಿದ್ದ ತಗ್ಗು ಇಲ್ಲ.’

ಸೊನ್ನೆ ಇದ್ದಾಗ ಬರೀ ಹೊಸಬ. ಈಗ ಮೋಸಗಾರ! ಇನ್ನು ಯಾರು ನನ್ನ ದೀಪ ಕೊಳ್ಳುತ್ತಾರೆ? ತಕ್ಷಣ ಅವರಿಗೇ ಫೋನ್ ಒತ್ತಿದೆ.

‘ತಗ್ಗೆಲ್ಲಣ್ಣ?’ ಎಂದರು ಸಾವಿತ್ರಮ್ಮ.

‘ಎತ್ಬುಟ್ಟೆ ಕಣವ್ವ.’

‘ಯಾಕೆತ್ತಿದ್ರಿ?’

‘ತಗ್ಗಿತ್ತಲ್ಲ, ಅದ್ಕೆ!’

ಆ ಕಡೆಯಿಂದ ನಗು. ಹೋಟೆಲಿನ ತಟ್ಟೆಗಳೆಲ್ಲ ಬಿದ್ದಂಥ ನಗು. ‘ಅಯ್ಯೋ, ನಿಮ್ ರಿಪೇರಿಗಿಷ್ಟು ಬೆಂಕಿ ಆಕ! ಇಂಥ ಸುಳ್ಳು ಯಾರೂ ಕಟ್ಟಕಿಲ್ಲ, ನಂಬ್ತೀನಿ ಬುಡಿ. ಆದ್ರೆ ತಗ್ಗಿದ್ರೆ ತಾನೇ ಜನ ಹಳೇದು ಅನ್ನೋದು? ಓಟ್ಲು ಮುಂದೆ ತೂಗಾಕಿದ್ರೆ ಎಲ್ರೂ ಡೂಪ್ಲಿಕೇಟು ಅಂತಾವ್ರೆ!’

ಸ್ಟಾರು ನಾಲ್ಕಾಯಿತು. ಗುಜರಿಯ ಮಾತನ್ನು ಜಯಮ್ಮ ವಾಪಸ್ ತೆಗೆದುಕೊಂಡಳು. ಐದನೇ ಸ್ಟಾರಿಗೆ ಮಾತ್ರ ಸಾವಿತ್ರಮ್ಮನದೊಂದು ಕಂಡೀಷನ್ನು: ‘ಇನ್ನೊಂದು ದೀಪ ಕಳ್ಸಿ. ತಗ್ಗಿರೋದೇ ಬೇಕು.’

ಎಲ್ಲಿಂದ ತರಲಿ? ಮೊದಲನೆಯದು ಮಾರಾಟವಾದ ಖುಷಿಯಲ್ಲಿ ಉಳಿದ ಹತ್ತನ್ನೂ ತಗ್ಗೆತ್ತಿ ಕನ್ನಡಿ ಮಾಡಿಟ್ಟಿದ್ದೇನೆ. ಈಗ ಒಂದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಸುತ್ತಿಗೆ ಹಿಡಿದು ಕೂತಿದ್ದೇನೆ. ಕೈ ಮೇಲೇಳುತ್ತಿಲ್ಲ.

ನೀವಾದರೂ ಹೇಳಿ, ಎಲ್ಲಿ ಹೊಡೆಯಲಿ?