ಕತ್ತರಿಗೆ ಸಿಕ್ಕಿದ ಸರದಿ ಸಾಲು

ನಮ್ಮಕ್ಕನ ಕೋಣೆಗೆ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗಬಾರದು. ನಾನು ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಒಮ್ಮೆ ಮೊಣಕೈಗೆ ನೀಲಿ ಮೆತ್ತಿಕೊಂಡು ತರಗತಿಗೆ ಹೋಗಿ ವಾರವಿಡೀ ಮಕ್ಕಳ ಬಾಯಿಗೆ ಬಿದ್ದಿದ್ದೆ.

ಅಕ್ಕ ಬೆಳಿಗ್ಗೆ ಚಿತ್ರ ಬರೆಯುತ್ತಾಳೆ, ಮಧ್ಯಾಹ್ನ ಬಟ್ಟೆಗೆ ಅಚ್ಚು ಹಾಕುತ್ತಾಳೆ. ಚೌಕಟ್ಟಿಗೆ ಬಿಗಿದ ಜಾಲರಿಯ (ಅದನ್ನು ಅವಳು ಸ್ಕ್ರೀನ್ ಎನ್ನುತ್ತಾಳೆ) ಮೇಲೆ ಬಣ್ಣ ಸುರಿದು, ರಬ್ಬರ್ ಪಟ್ಟಿಯಿಂದ ಒಂದೇ ಉಸಿರಿಗೆ ಎಳೆದರೆ ಸಾಕು, ಕೆಳಗಿನ ದಪ್ಪ ಹತ್ತಿಬಟ್ಟೆಯ ಮೇಲೆ ಸೈಕಲ್ಲೋ ಜಗಳವಾಡುವ ಕಾಗೆಗಳೋ ಮೂಡುತ್ತವೆ. ಆ ಬಟ್ಟೆಯಿಂದ ಅಣ್ಣನ ಹೆಂಡತಿ, ನಮ್ಮ ಅತ್ತಿಗೆ, ದೊಗಲೆ ಜಾಕೆಟ್ ಹೊಲಿಯುತ್ತಾರೆ. ನಮ್ಮ ಬೀದಿಯ ಕಾಲೇಜು ಹುಡುಗ ಹುಡುಗಿಯರಲ್ಲಿ ಅರ್ಧಕ್ಕರ್ಧ ಜನ ಅವನ್ನೇ ತೊಟ್ಟು ತಿರುಗುತ್ತಾರೆ.

ಚಿತ್ರಕ್ಕೂ ಜಾಕೆಟ್ಟಿಗೂ ಬಟ್ಟೆ ಒಂದೇ. ಅದಕ್ಕೇ ಕೋಣೆಯಲ್ಲೊಂದು ಕಟ್ಟುನಿಟ್ಟು: ಬಾಗಿಲಿನ ಬಲಗಡೆ ನಿಲ್ಲಿಸಿದ ಸುರುಳಿ ಚಿತ್ರ, ಎಡಗಡೆಯದು ಕತ್ತರಿಗೆ.

ಊರಿನ ದೊಡ್ಡ ಕಲಾಪ್ರದರ್ಶನದವರು ಅಕ್ಕನ ಚಿತ್ರಗಳನ್ನು ಎರಡು ಸಲ ವಾಪಸ್ ಕಳಿಸಿದ್ದರು. ಚಿತ್ರ ಬರೆಯುವವರೋ ಅಚ್ಚು ಹಾಕುವವರೋ ಮೊದಲು ತೀರ್ಮಾನ ಮಾಡಿಕೊಳ್ಳಿ ಎಂದು ಆಯ್ಕೆ ಸಮಿತಿಯ ಹಿರಿಯರು ಬುದ್ಧಿ ಬೇರೆ ಹೇಳಿದ್ದರು. ಈ ಸಲವೂ ಬೇಡವೆಂದರೆ ಇನ್ನು ಕುಂಚ ಮುಟ್ಟುವುದಿಲ್ಲ ಎಂದಳು ಅಕ್ಕ. ಅವಳು ಹಿಡಿದ ಹಟ ಬಿಟ್ಟವಳೇ ಅಲ್ಲ. ನನಗೆ ನಿಜಕ್ಕೂ ಭಯವಾಯಿತು.

ನಾಲ್ಕು ತಿಂಗಳು ಕೂತು ಆಳೆತ್ತರದ ಬಟ್ಟೆಯ ಮೇಲೆ ಬಸ್ಸಿಗೆ ಕಾಯುವ ನಲವತ್ತು ಜನರ ಸಾಲು ಬರೆದಳು. ಸುತ್ತಿ ಬಳಸಿ ನಿಂತ ಸಾಲು, ಒಬ್ಬೊಬ್ಬರದು ಒಂದೊಂದು ಮುಖ. ಒಪ್ಪಿಸುವ ದಿನ ಬಲಗಡೆ ಒದ್ದೆ ಸ್ಕ್ರೀನ್ ಒಣಗುತ್ತಿತ್ತೆಂದು, ಚಿತ್ರದ ಸುರುಳಿಯನ್ನು ಒಂದು ಗಳಿಗೆ ಎಡಗಡೆ ಇಟ್ಟು ಅರ್ಜಿ ತರಲು ಹೋದಳು. ಅತ್ತಿಗೆ ಬಟ್ಟೆಯನ್ನು ಯಾವಾಗಲೂ ಮಗುಚಿ ಹಾಸಿ, ಹಿಂಬದಿಯಲ್ಲೇ ಗುರುತು ಮಾಡಿ ಕತ್ತರಿಸುವವರು. ಎಲ್ಲ ಕತ್ತರಿಸಿ ಮುಗಿಸಿ ಒಂದು ತೋಳನ್ನು ತಿರುಗಿಸಿದಾಗಲೇ ಅವರಿಗೆ ಆ ಮುಖಗಳು ಕಂಡದ್ದು.

ಅಕ್ಕ ಬರುವ ಹೊತ್ತಿಗೆ ಅತ್ತಿಗೆ ಆ ತೋಳನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲಾಗಿ ಕೂತಿದ್ದರು. ನಾನು ಬೇಸಿಗೆ ರಜೆಯಲ್ಲಿದ್ದೆ. ಈ ರಜೆ ಯಾಕಾದರೂ ಬಂತೋ ಅನ್ನಿಸಿತು.

“ಎಡಗಡೆ ಇಟ್ಟಿದ್ದು ನಾನೇ,” ಎಂದು ಅಕ್ಕ ತುಂಡುಗಳ ಮುಂದೆ ಕೂತಳು.

ಹಿಂದಿನಿಂದ ಅಂಟು ಹಾಕಿ ಜೋಡಿಸೋಣವೇ ಎಂದೆ ನಾನು. ಮೇಷ್ಟ್ರ ಬುದ್ಧಿ! ಅಕ್ಕ ನನ್ನತ್ತ ನೋಡಲೂ ಇಲ್ಲ. ಬೆನ್ನಿನ ತುಂಡಿನ ಪಕ್ಕಕ್ಕೆ ಎದೆಯ ತುಂಡು ಎಳೆದಳು, ತೋಳು ತಂದಿಟ್ಟಳು, ಮತ್ತೆ ತಿರುಗಿಸಿದಳು. ನೋಡನೋಡುತ್ತ ಅವಳ ಕಿವಿ ಕೆಂಪಾಯಿತು. ತಲೆಗೆ ಏನಾದರೂ ಹೊಳೆದರೆ ಅವಳ ಕಿವಿ ಕೆಂಪಾಗುತ್ತದೆ.

“ಅತ್ತಿಗೆ, ಮಿಷನ್‌ಗೆ ದಾರ ಹಾಕಿ. ಸಾಲು ಮೈ ಸುತ್ತ ಬರುತ್ತೆ ನೋಡಿ.”

ಆಮೇಲಿನ ಐದು ಗಂಟೆ ಮನೆಯಲ್ಲಿ ಯಾರೂ ಊಟ ಕೇಳಲಿಲ್ಲ. ಅತ್ತಿಗೆ ಹೊಲಿದರು. ಹೊಲಿಗೆಯಲ್ಲಿ ಸಿಕ್ಕಿ ಕಾಣೆಯಾದವರ ಜಾಗಕ್ಕೆ ಅಕ್ಕ ಸ್ಕ್ರೀನ್ ಇಟ್ಟು ಹೊಸಬರನ್ನು ಅಚ್ಚು ಹಾಕಿದಳು. ಬಣ್ಣ ಕೂರಲೆಂದು ನಾನು ಇಸ್ತ್ರಿ ಒತ್ತಿದೆ. ಬರೆದವರು ಯಾರು, ಅಚ್ಚಿನವರು ಯಾರು ಎಂದು ಕೊನೆಗೆ ನನಗೇ ಗೊತ್ತಾಗಲಿಲ್ಲ. ಗಡಿಯಾರ ನೋಡಿದರೆ ನಾಲ್ಕೂಕಾಲು. ಐದಕ್ಕೆ ಪ್ರದರ್ಶನದ ಕಚೇರಿಯ ಬಾಗಿಲು ಮುಚ್ಚುತ್ತಾರೆ. ಮೂವರೂ ಓಡಿದೆವು.

ಅಲ್ಲಿಯ ಗುಮಾಸ್ತ ಚಿತ್ರವೆಲ್ಲಿ ಎಂದ. ಜಾಕೆಟ್ ತೊಟ್ಟಿದ್ದ ಅತ್ತಿಗೆ ಮುಂದೆ ಬಂದರು. ಅವನು ಅರ್ಜಿ ನೋಡಿಕೊಂಡು ಉದ್ದ ಅಗಲ ಕೇಳಿದ.

“ಎದೆ ನಲವತ್ತೆರಡು, ತೋಳು ಇಪ್ಪತ್ಮೂರು,” ಎಂದರು ಅತ್ತಿಗೆ, ಒಂದಿಷ್ಟೂ ನಗದೆ.

ಅವನ ಪೆನ್ನು ನಿಂತಿತು. ಒಳಗೆ ಹೋಗಿ ಆ ಹಿರಿಯರನ್ನೇ ಕರೆತಂದ. ಅವರು ಹುಬ್ಬು ಗಂಟಿಕ್ಕಿಕೊಂಡು ಬಂದು, ತೋಳಿನ ತುದಿಯಿಂದ ಸಾಲನ್ನು ಕಣ್ಣಲ್ಲೇ ಹಿಡಿದು ಹೊರಟರು. ಭುಜ ದಾಟಿದರು, ಬೆನ್ನು ದಾಟಿದರು, ಗುಂಡಿಗಳ ಹತ್ತಿರ ಬಂದು ದಾರಿ ತಪ್ಪಿದರು. ಮತ್ತೆ ಒಂದು ಸುತ್ತು ಹಾಕಿದರು. ಒಂದು ಕಡೆ ನಿಲ್ಲದ ಅತ್ತಿಗೆ ಕಂಬದ ಹಾಗೆ ನಿಂತಿದ್ದರು.

“ಈ ಸಾಲಿನ ತುದಿ ಎಲ್ಲಮ್ಮ?” ಎಂದರು ಹಿರಿಯರು.

“ಇತ್ತು ಸರ್,” ಎಂದಳು ಅಕ್ಕ. “ಬೆಳಿಗ್ಗೆ ಕತ್ತರಿಸಿಬಿಟ್ವಿ.”

ಹಿರಿಯರು ನಕ್ಕರು, ಹೊಟ್ಟೆ ಕುಲುಕುವಷ್ಟು. ಇದಕ್ಕೆ ಗೋಡೆ ಸಾಲದು, ಹಜಾರದ ನಡುಮಧ್ಯೆ ಜಾಗ ಮಾಡು ಎಂದು ಗುಮಾಸ್ತನಿಗೆ ಹೇಳಿ, ಹೋಗುವ ಮುಂಚೆ ಮೂರನೆಯ ಸುತ್ತೂ ಹಾಕಿದರು. ನಾನು ಮೇಷ್ಟ್ರು ಎಂಬುದನ್ನೂ ಮರೆತು ಸಿಳ್ಳೆ ಹೊಡೆದೆ.

ಅರ್ಜಿಯಲ್ಲಿ ಕಲಾವಿದರ ಹೆಸರಿನ ಜಾಗ ಖಾಲಿಯಿತ್ತು. ಅಕ್ಕ ತನ್ನದನ್ನು ಬರೆದು ಪೆನ್ನನ್ನು ಅತ್ತಿಗೆಗೆ ಚಾಚಿದಳು.

ಅತ್ತಿಗೆ ಹಿಂದೆ ಸರಿದರು. “ತಪ್ಪು ಮಾಡಿದ್ದಕ್ಕೂ ಹೆಸರು ಹಾಕ್ತಾರಾ?”

“ತಪ್ಪು ನಂದು. ತೋಳು ನಿಮ್ದು. ಬರೀರಿ.”

ಅತ್ತಿಗೆ ನಿಧಾನವಾಗಿ, ದುಂಡಗೆ ಬರೆದರು. ಬೆಳಗಿನಿಂದ ಒಂದು ಹನಿ ಅಳದಿದ್ದವರಿಗೆ ಆಗ ಅಳು ಬಂತು. ಕಣ್ಣೊರೆಸಿಕೊಳ್ಳಲು ತೋಳು ಎತ್ತಿದವರು, ಅಚ್ಚಿನ ಬಣ್ಣ ಇನ್ನೂ ಹಸಿಯಿರಬಹುದೆಂದು ಅರ್ಧದಲ್ಲೇ ತಡೆದು, ಅಕ್ಕನ ಅಂಗಿಯ ತುದಿಯನ್ನು ಎಳೆದುಕೊಂಡು ಒರೆಸಿಕೊಂಡರು.