ಚೂಪು ಮೂತಿಯ ಅಚ್ಚು

ನಾನು ಲೈಸೆನ್ಸ್ ಬಂದೂಕುಗಳ ರಿಪೇರಿಯವನು. ಪಣಕಹಳ್ಳಿಯ ಮಾದಪ್ಪಯ್ಯನವರು ಗುಂಡು ಎರಕ ಹೊಯ್ಯುವ ಎರಡು ಅಚ್ಚು ತರಿಸಿ, ಯಾವುದು ಸರಿ ಎಂದು ಕೇಳಲು ನನ್ನನ್ನು ಕರೆಸಿದ್ದರು. ಒಂದು ಅಚ್ಚಿನ ಗುಂಡಿಗೆ ಚೂಪು ಮೂತಿ, ಇನ್ನೊಂದರದಕ್ಕೆ ಮೊಂಡು.

"ಚೂಪಿಂದೇ ಸರಿ ಕಣಪ್ಪ. ಆಗ್ಲೇ ಸೀಸ ಉಯ್ದು, ಏಳು ತೋಟಾ ಇದ್ರೊಳಕ್ಕೆ ತುಂಬ್ಬುಟ್ಟಿವ್ನಿ," ಎನ್ನುತ್ತ ಅವರು ತಾತನ ಕಾಲದ ಲಿವರ್ ಕಾರ್ಬೈನ್ ಬಂದೂಕನ್ನೇ ಊರುಗೋಲು ಮಾಡಿಕೊಂಡು ಜಗಲಿಗೆ ಬಂದರು. ಮಾತಿಗೊಮ್ಮೆ ಅದರ ಹಿಡಿಯನ್ನು ನೆಲಕ್ಕೆ ಕುಟ್ಟುತ್ತಿದ್ದರು.

ಆ ಬಂದೂಕಿನ ನಳಿಗೆಯ ಕೆಳಗಿರುವ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೊಂದು ಸಾಲಾಗಿರುತ್ತವೆ. ಹಿಂದಿನದರ ಮೂತಿ ಮುಂದಿನದರ ಬುಡದಲ್ಲಿ ಏಟು ಬಿದ್ದರೆ ಹೊತ್ತಿಕೊಳ್ಳುವ ಕೇಪಿಗೆ ತಾಗಿಕೊಂಡಿರುತ್ತದೆ. ಮೂತಿ ಚೂಪಾಗಿದ್ದರೆ ಒಂದು ಕುಟ್ಟಿಗೇ ಕೊಳವೆ ಸಿಡಿಯಬಹುದು.

"ಅಯ್ಯಾ, ಕುಟ್ಬೇಡಿ. ಮೆಲ್ಲಗೆ ನನ್ನ ಕೈಗೆ ಕೊಡಿ."

"ಯಾಕಪ್ಪ?" ಎಂದು ಮತ್ತೆ ಕುಟ್ಟಿದರು.

ನಾನು ಬಂದೂಕನ್ನು ಇಸಿದುಕೊಂಡು, ಅದರ ಬಾಯಿಯನ್ನು ಖಾಲಿ ಹೊಲದ ಕಡೆ ತಿರುಗಿಸಿ, ಏಳನ್ನೂ ಒಂದೊಂದಾಗಿ ಹೊರಗೆ ತೆಗೆದೆ. ಮೊಂಡು ಮೂತಿಯದೇ ಇರಲಿ ಎಂದು ಹೇಳುವಾಗಲೂ ಕೈ ನಡುಗುತ್ತಿತ್ತು.

"ಕೆಳ್ಗಡೆಯಿಂದ ಬಂದೋರ್ಗೆ ನಮ್ಮ ಬೆಟ್ಟದ ಚಳಿ ತಡೆಯಾಕಿಲ್ಲ," ಎಂದು ಅವರು ನನಗೆ ಕಂಬಳಿ ಹೊದಿಸಿದರು.

ಮಟಮಟ ಮಧ್ಯಾಹ್ನ. ಬೆವರುತ್ತಲೇ ಹೊದ್ದುಕೊಂಡು ಕೂತೆ. ಅವರ ಜೊತೆ ವಾದ ಮಾಡುವ ಧೈರ್ಯ ನನಗೆ ಇನ್ನೂ ಬಂದಿರಲಿಲ್ಲ.